ಹಾಯಿ ಹಗ್ಗ ಯಾರ ಕೈಗೆ?

ಕುಣಿಗಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ವಾಷರ್ ಕೈಗೆ ಬಂದ ಮೇಲೂ ಸರ್ವಮಂಗಳಮ್ಮ ಹೊರಡಲಿಲ್ಲ. ಪಕ್ಕದಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದರು. ಗಂಡ ದಯಾನಂದ ದೊಡ್ಡಕೆರೆಯಲ್ಲಿ ಬಿಡಲು ತಾನೇ ಒಂದು ಹಾಯಿದೋಣಿ ಮಾಡಿದ್ದನಂತೆ.

“ಹಾಯಿ ಎಳೆದು ಹಿಡಿಯಕ್ಕೆ ಈ ಪ್ಲಾಸ್ಟಿಕ್ ದಾರ ಸಾಕು ಕಣೇ. ಆನೆ ಎಳೆದ್ರೂ ಕಿತ್ತೋಗಲ್ಲ.”

“ದಾರ ಕಿತ್ತೋಗಲ್ಲ, ಅಂಗೈ ಕಿತ್ತೋಗುತ್ತೆ. ಆ ಬ್ಯಾಂಡೇಜ್ ತೋರ್ಸಿ ಅಂಗಡಿಯವ್ರಿಗೆ.”

“ಅದಕ್ಕೇ ಅಲ್ವಾ ಆಮೇಲೆ ದಾರಾನ ದೋಣಿಗೇ ಕಟ್ಟಿದ್ದು?”

“ಕಟ್ಟಿದ್ರಿ, ಎಮ್ಮೆ ಕಟ್ಟೋ ಗಂಟು! ಗಾಳಿ ಜೋರಾದಾಗ ಬಿಚ್ಚಕ್ಕಾಯ್ತಾ? ದೋಣಿ ಸಮೇತ ಸೀದಾ ಕೆರೆ ಏರಿ ಹತ್ತಿ ಎಮ್ಮೆಗಳ ಮಧ್ಯ ನಿಂತ್ರಿ. ಅವು ಇವತ್ತಿಗೂ ಕೆರೆಗೆ ಇಳೀತಿಲ್ಲ.”

“ಮೆತ್ತಗೆ ಮಾತಾಡೇ, ಜನ ಇದಾರೆ.”

“ಏರಿ ಮೇಲೆ ಇದಕ್ಕಿಂತ ಜಾಸ್ತಿ ಇದ್ರು. ಅಣ್ಣ, ದಪ್ಪ ನೂಲಿನ ಹಗ್ಗ ಕೊಡಿ, ಕೈಯಲ್ಲಿ ಹಿಡಿಯೋ ಅಂಥದ್ದು. ಒಂದು ಸಣ್ಣ ರಾಟೆ. ಬಾವಿ ರಾಟೆ ಬ್ಯಾಡ, ಅದು ಕಿರುಚಿದ್ರೆ ಕುದುರೆ ಫಾರಂ ಕುದುರೆಗಳೆಲ್ಲ ಬೇಲಿ ಹಾರ್ತವೆ.”

“ಈ ಹುಣ್ಣಲ್ಲಿ ನಾನು ಹೆಂಗೆ ಹಗ್ಗ ಹಿಡೀಲಿ?”

“ನೀವ್ಯಾಕ್ರೀ ಹಿಡೀತೀರ? ದೋಣಿ ತೂತಲ್ಲಿ ಬರೋ ನೀರು ಮೊಗೆದು ಆಚೆ ಹಾಕ್ತಾ ಕೂತ್ಕೊಳ್ಳಿ. ಹಗ್ಗ ನಾನು ಹಿಡೀತೀನಿ.”

“ನೀನಾ? ದೋಣಿ ಹತ್ತಲ್ಲ ಅಂದಿದ್ದೆ!”

“ನೀವು ಓಡ್ಸೋ ದೋಣಿ ಹತ್ತಲ್ಲ ಅಂದಿದ್ದೆ.”

ಹೆಂಡತಿ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದಳು. ದಯಾನಂದ ಬಾಗಿಲಲ್ಲಿ ತೂಗುಹಾಕಿದ್ದ ಪ್ಲಾಸ್ಟಿಕ್ ಮಗ್ಗುಗಳಲ್ಲಿ ದೊಡ್ಡದೊಂದನ್ನು ಆರಿಸಿಕೊಂಡು ಅವಳ ಹಿಂದೆ ಓಡಿದ.