ನಮ್ಮೂರ ಚರ್ಚಿನ ತೊಟ್ಟಿಯೇ ಆಗಬೇಕು

ಈಜಿಪ್ಟಿನ ಮಿನ್ಯಾ ಊರಿನ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಮುದುಕ ಗಿರ್ಗಿಸನ ಪಕ್ಕದಲ್ಲೇ ಒಬ್ಬ ತಾಯಿ, ಅವಳ ಮಗ ಗತ್ತಾಸ್ ಕೂತಿದ್ದರು. ಬೇಡವೆಂದರೂ ಮಾತು ಅವನ ಕಿವಿಗೆ ಬೀಳುತ್ತಿತ್ತು.

"ಅಮ್ಮಾ, ಒಳಗಿರೋ ನನ್ನ ಕೂಸು ಉಳಿಯೋ ಹಾಗಿಲ್ಲ. ಎದುರಿನ ಚರ್ಚಿನ ಪಾದ್ರಿ ಕೈಲೇ ದೀಕ್ಷಾಸ್ನಾನ ಮಾಡಿಸಿಬಿಡೋಣ."

"ಹೆಣ್ಣು ಕೂಸಿಗೆ ದೀಕ್ಷಾಸ್ನಾನ ಆಗ್ಬೇಕಾದ್ರೆ ಎಂಬತ್ತು ದಿನ ತುಂಬಬೇಕು ಕಣೋ. ಇನ್ನೂ ಹನ್ನೊಂದು ಇದೆ."

"ಸಾಯೋ ಕೂಸಿಗೆ ದಿನ ಎಣಿಸ್ಬೇಡಿ ಅಂತ ನಮ್ಮ ಪಾದ್ರಿ ಅಬೂನಾನೇ ಹೇಳಿದ್ರಲ್ಲ!"

"ಹಾಗಾದ್ರೆ ಅವರೇ ನಮ್ಮ ತೊಟ್ಟಿ ನೀರು ತಂದು ಮಾಡ್ಲಿ. ನಿಮ್ಮಪ್ಪ, ನೀನು, ಎಲ್ಲಾ ನಮ್ಮೂರ ತೊಟ್ಟೀಲೇ ಮುಳುಗಿದೋರು. ಇದೊಂದು ಪರ ಚರ್ಚಿನ ಕೂಸಾಗ್ಬೇಕಾ?"

"ಅವರು ನೈಲ್ ದಾಟಿ ಬರೋದ್ಯಾವಾಗ?"

"ದೋಣಿ ಹತ್ತಿದಾರಂತೆ, ಸುಮ್ನಿರು."

ಬಾಗಿಲಿಗೆ ಬಂದ ನರ್ಸು ಅವರನ್ನು ನೋಡಿ ಇಲ್ಲವೆಂದು ತಲೆಯಾಡಿಸಿದಳು.

ಗತ್ತಾಸ್ ಎದ್ದ. "ಅಬೂನಾಗೆ ಫೋನ್ ಮಾಡಮ್ಮಾ. ಆತುರ ಏನಿಲ್ಲ, ನಿಧಾನಕ್ಕೆ ಬನ್ನಿ ಅನ್ನು."

ಇಬ್ಬರೂ ಒಳಗೆ ಹೋದರು.