ಅತ್ತೆಯ ಕೋಣೆಯಲ್ಲಿ ಐದು ಹಾಸಿಗೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಂಗಿ ಕೂತಿದ್ದರು. ತಂಗಿ ತನ್ನ ಮನೆಯ ಮಹಡಿಯನ್ನು ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡುವವಳೆಂದು ಮೊದಲ ನಿಮಿಷದಲ್ಲೇ ತಿಳಿಯಿತು. ದನಿ ತಗ್ಗಿಸುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

"ಬುಕ್ ಮಾಡಿದ್ದು ನಾಲ್ಕೇ ಜನ ಕಣಕ್ಕಾ. ವ್ಯಾನಿಂದ ಇಳಿದಿದ್ದು ಒಂಬತ್ತು!"

"ಅಯ್ಯೋ! ಗಲಾಟೆ ಅಂತ ಅಕ್ಕಪಕ್ಕದವರು ಇನ್ನೊಂದ್ಸಲ ದೂರು ಕೊಟ್ರೆ ಲೈಸೆನ್ಸೇ ಹೋಗತ್ತೆ ಅಂದಿದ್ಯಲ್ಲೇ?"

"ಹೂಂ. ನಾನು ಊರಲ್ಲೇ ಇರ್ಲಿಲ್ಲ. ಮನೇಲಿ ಅತ್ತೆ ಒಬ್ರೇ."

"ಮುಗೀತು ಬಿಡು. ಅವರು ಬೆಕ್ಕಿಗೂ ಬೈಯೋರಲ್ಲ."

"ಬೈಲೇ ಇಲ್ಲ. 'ಬನ್ನಿ ಮಕ್ಕಳಾ, ನಾಲ್ಕು ಜನ ಮಹಡಿಗೆ ಹೋಗಿ. ಮಿಕ್ಕ ಐದು ಜನಕ್ಕೆ ನನ್ನ ಕೋಣೇಲೇ ಹಾಸಿಗೆ ಹಾಸ್ತೀನಿ. ನಾನು ಚೂರು ಗೊರಕೆ ಹೊಡೀತೀನಿ, ಬೆಳಗ್ಗೆ ನಾಲ್ಕಕ್ಕೆ ಎಲ್ಲರನ್ನೂ ಎಬ್ಬಿಸ್ತೀನಿ' ಅಂದ್ರಂತೆ."

"ಆಮೇಲೆ?"

"ಐದೂ ಜನ ಲಾಡ್ಜ್ ಹುಡುಕ್ಕೊಂಡು ಹೊರಟ್ರು. ಅದೂ ಅತ್ತೆಗೆ ಕೈ ಮುಗಿದು!"

"ನೀನಾಗಿದ್ರೆ?"

"ಕೂಗಾಡಿ ಇಡೀ ಬೀದೀನೇ ಸೇರಿಸ್ತಿದ್ದೆ. ದೂರು ನನ್ನ ಮೇಲೇ ಬರ್ತಿತ್ತು."

ಅಕ್ಕ ನಕ್ಕಳು. "ಈಗ ಮಹಡಿ ಕೀ ಯಾರ ಹತ್ರ?"

"ಅತ್ತೆ ಸೊಂಟದಲ್ಲೇ. ಬರೋರನ್ನೆಲ್ಲಾ ಇನ್ಮೇಲೆ ಅವರೇ ನೋಡ್ಕೋತಾರೆ. ನಂಗೆ ಬೇಕಾದ್ರೂ ಕೇಳಿಯೇ ತಗೋಬೇಕು," ಎಂದು ತಂಗಿ, ತಾನೇ ಪದಕ ಗೆದ್ದವಳಂತೆ ತಲೆಯೆತ್ತಿ, ಬಸ್ಸಿನಿಂದ ಇಳಿದು ಹೋದಳು.