ಹಲ್ಲುಸೆಟ್ಟಿನ ರಾಕ್ಷಸ

ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಅತ್ತೆ, ಅವರ ಸೊಸೆ.

"ಅಳತೆಗೆ ಹಳೇ ಹಲ್ಲುಸೆಟ್ ಬೇಕು ಅಂದಿದ್ರು ಡಾಕ್ಟ್ರು. ತಂದಿದ್ದೀಯಾ?"

"ತಂದಿದ್ದೀನಿ ಅತ್ತೆ. ಸ್ವಲ್ಪ ಬದಲಾಗಿದೆ."

ಸೊಸೆ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಹಲ್ಲಿಗೆಲ್ಲ ಹಸಿರು ಬಣ್ಣ, ಪೆನ್ನಿನ ಸ್ಪ್ರಿಂಗಿನ ಕಾಲು, ಪೇಸ್ಟ್ ಮುಚ್ಚಳದ ಕಣ್ಣು.

"ಏನೇ ಇದು?"

"ಬೇರೆ ಗ್ರಹದ ರಾಕ್ಷಸ. ನಾನೂ ನಿಮ್ಮ ಮಗನೂ ಭಾನುವಾರ ಊಟದ ಮೇಜಿನ ಮೇಲೆ ಗೊಂಬೆ ಸೈನ್ಯ ಇಟ್ಕೊಂಡು ಯುದ್ಧ ಆಡ್ತೀವಲ್ಲ, ಅದಕ್ಕೆ ಮಾಡಿದ್ದು. ಸೆಟ್ ಸಡಿಲ ಆಯ್ತು ಅಂತ ನೀವೇ ಮೂಲೆಗೆ ಎಸೆದಿದ್ರಿ."

"ಬೆನ್ನ ಮೇಲಿರೋದು ನನ್ನ ಕುಕ್ಕರ್ ವಿಷಲ್ ಅಲ್ವಾ?"

"ಫಿರಂಗಿ, ಅತ್ತೆ."

"ಮನೆಯೆಲ್ಲಾ ಜಾಲಾಡಿದ್ನಲ್ಲೇ. ಹೋಗ್ಲಿ, ಇದು ಯಾರ ಕಡೆ?"

"ನನ್ನ ಕಡೆ. ನಿಮ್ಮ ಮಗನ ಎರಡು ಟ್ಯಾಂಕ್ ನುಂಗಿ ನೀರು ಕುಡಿದಿದೆ."

ಅತ್ತೆಯ ಹೆಗಲು ಕುಲುಕತೊಡಗಿತು. ಬೊಚ್ಚುಬಾಯಿಗೆ ಕರವಸ್ತ್ರ ಒತ್ತಿಕೊಂಡರು.

"ಹಾಲು ಕುಡಿಯೋವಾಗ ಎಷ್ಟು ಕಚ್ತಿದ್ದ ಗೊತ್ತಾ ಅವನು. ಈಗ ಕಚ್ಚಿಸಿಕೊಳ್ಳಲಿ."

ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು. ಬಾಗಿಲು ಮುಚ್ಚುವ ಮುನ್ನ ಅತ್ತೆಯ ದನಿ ಕೇಳಿಸಿತು.

"ಹೊಸ ಹಲ್ಲು ನಿಧಾನಕ್ಕೆ ಕೊಡಿ ಡಾಕ್ಟ್ರೇ. ಹಳೇದು ಮಾತ್ರ ಭಾನುವಾರದೊಳಗೆ ವಾಪಸ್ ಬೇಕು. ಯುದ್ಧ ಇದೆ."